ಬೆಳಿಗ್ಗೆ ಹಿಡಿಯದ ಹಳೆ ಡೀಸೆಲ್ ಪಿಕಪ್: ಪಂಪ್ ಬಿಚ್ಚುವ ಮೊದಲು ನೋಡಬೇಕಾದ್ದು

ಸಂಜೆ ಕೀ ತಿರುಗಿಸಿದ ತಕ್ಷಣ ಹಿಡಿಯುವ ಗಾಡಿ ಬೆಳಿಗ್ಗೆ ಮಾತೇ ಕೇಳಲ್ಲ. 15-20 ಸೆಕೆಂಡ್ ಸೆಲ್ಫ್ ಹೊಡೆದ ಮೇಲೆ ಒಂದು ಸಿಲಿಂಡರ್ ಕೆಮ್ಮುತ್ತೆ, ಆಮೇಲೆ ಇನ್ನೊಂದು. ಇಡೀ ಗಾಡಿ ಅಲ್ಲಾಡುತ್ತೆ, ಅಂಗಳ ತುಂಬಾ ಬಿಳಿ ಹೊಗೆ. ಒಂದು ನಿಮಿಷ ಕಳೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸಮನಾಗಿ ಓಡುತ್ತೆ. ದಿನವಿಡೀ ತೊಂದರೆ ಇಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅದೇ ರಾಮಾಯಣ.

ಹಳೆ ಡೀಸೆಲ್ ಪಿಕಪ್ ರಿಪೇರಿ ಮಾಡಿ ಹೊಸದು ಮಾಡಿಕೊಂಡವರಲ್ಲಿ ಬಹಳ ಜನ ಈ ತೊಂದರೆ ಅನುಭವಿಸಿರುತ್ತಾರೆ. ನನ್ನದು ಸಕಲೇಶಪುರದ ಕಡೆ ತೋಟದಲ್ಲಿ ಕಾಫಿ ಮೂಟೆ ಹೊತ್ತು ಸವೆದ ಜೀಪ್ ಮೂತಿಯ ಪಿಕಪ್. ಎಂಜಿನ್ ಪ್ಯೂಜೊ ವಿನ್ಯಾಸದ 2112 ಸಿಸಿ ಡೀಸೆಲ್, 90 ಮಿ.ಮೀ. ಬೋರ್, 83 ಮಿ.ಮೀ. ಸ್ಟ್ರೋಕ್. ಅದಕ್ಕಿಂತ ದೊಡ್ಡ 2498 ಸಿಸಿ ಎಂಜಿನ್ ಇರುವ ಗಾಡಿಗೂ ಇಲ್ಲಿ ಹೇಳೋದು ಹೊಂದುತ್ತೆ. ಈ ಎಂಜಿನ್‌ಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳಲ್ಲ. ಹೆಡ್ ಒಳಗಿನ ಒಂದು ಸಣ್ಣ ಗೂಡಿನಲ್ಲಿ ಮೊದಲು ಹೊತ್ತಿಕೊಂಡು ಆಮೇಲೆ ಕೆಳಗೆ ಬರುತ್ತೆ. ತಣ್ಣಗಿರುವಾಗ ಆ ಗೂಡಿನ ಗೋಡೆಯೇ ಗಾಳಿಯ ಬಿಸಿಯನ್ನೆಲ್ಲ ನುಂಗಿಬಿಡುತ್ತೆ. ಅದಕ್ಕೇ ಆ ಗೂಡನ್ನು ಕಾಯಿಸುವ ಹೀಟರ್ ಪ್ಲಗ್ ಇಲ್ಲದೆ ಚಳಿಗಾಲದಲ್ಲಿ ಇವು ಏಳೋದೇ ಇಲ್ಲ.

ಮೊದಲೇ ಹೇಳಿಬಿಡ್ತೀನಿ. ತಪ್ಪು ಎಂಜಿನ್‌ದಾಗಿರಲಿಲ್ಲ, ನನ್ನದೇ ಆಗಿತ್ತು. ಗಾಡಿಯನ್ನು ಪೂರ್ತಿ ಬಿಚ್ಚಿ, ತುಕ್ಕು ಕೆರೆದು, ಚಾಸಿಯಿಂದ ಹಿಡಿದು ಫಿಲ್ಟರ್ ಬ್ರಾಕೆಟ್‌ವರೆಗೆ ಚೆಂದ ಪೇಂಟ್ ಹೊಡೆಸಿದ್ದೆ. ಆ ಪೇಂಟೇ ಎರಡು ಕಡೆ ನನ್ನನ್ನು ಸತಾಯಿಸಿತು. ನಮ್ಮ ಮೇಸ್ತ್ರಿ ಮಾತ್ರ ಬಂದ ಮೊದಲ ದಿನವೇ, "ಸಾರ್, ಪಂಪ್ ಹೋಗಿದೆ, ಬಿಚ್ಚೋಣ್ವಾ?" ಅಂದ. ಬೇಡಪ್ಪಾ ಅಂದೆ. ಸಿಲಿಂಡರ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ಆ ಪಂಪ್ ಬಿಚ್ಚಿದರೆ ಡೀಸೆಲ್ ಬಿಡುವ ಟೈಮಿಂಗ್ ಹೋಗುತ್ತೆ, ಪಂಪ್ ಅಂಗಡಿಯ ಬಿಲ್ ಬರುತ್ತೆ. ಅಷ್ಟಾದ ಮೇಲೂ ಗಾಡಿ ಹಿಡಿಯದಿದ್ದರೆ ಯಾವುದು ಹಳೆ ತಪ್ಪು, ಯಾವುದು ಹೊಸ ತಪ್ಪು ಅಂತ ದೇವರಿಗೇ ಗೊತ್ತು.

ಮೊದಲು ಸೈಲೆನ್ಸರ್ ನೋಡಿ

ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಸೆಲ್ಫ್ ಹೊಡೆಸಿ. ನೀವು ಹಿಂದೆ ನಿಂತು ಸೈಲೆನ್ಸರ್ ಬಾಯಿ ನೋಡಿ. ಒಂದು ಸಲಕ್ಕೆ 10-15 ಸೆಕೆಂಡ್‌ಗಿಂತ ಜಾಸ್ತಿ ಹೊಡೆಯಬೇಡಿ, ಮಧ್ಯೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಟ್ಟುಹೋಗುತ್ತೆ.

ಹೊಗೆ ಏನೂ ಬರದಿದ್ದರೆ ಡೀಸೆಲ್ ಒಳಗೆ ಹೋಗ್ತಾ ಇಲ್ಲ. ಬಿಳಿ ಹೊಗೆ ಬಂದು, ಮೂಗಿಗೆ ಹಸಿ ಡೀಸೆಲ್ ವಾಸನೆ ಹೊಡೆದರೆ ಡೀಸೆಲ್ ಬರ್ತಾ ಇದೆ, ಹೊತ್ತಿಕೊಳ್ತಾ ಇಲ್ಲ. ಈ ಎರಡಕ್ಕೂ ದಾರಿ ಬೇರೆ ಬೇರೆ. ಹೊಗೆ ನೋಡದೆ ಸ್ಪ್ಯಾನರ್ ಎತ್ತಿಕೊಂಡವರು ಅರ್ಧ ದಿನ ಸುಮ್ನೆ ಕಳೀತಾರೆ. ಹಿಡಿದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಕಡಿಮೆ ಆಗ್ತಾ ಹೋದರೆ ಅದು ಹೆಡ್ ಗ್ಯಾಸ್ಕೆಟ್ ಕತೆ. ಅದನ್ನು ಇಲ್ಲಿ ಹೇಳ್ತಾ ಇಲ್ಲ.

ನನ್ನ ಗಾಡಿಯಲ್ಲಿ ಮೊದಲ 8-10 ಸೆಕೆಂಡ್ ಏನೂ ಬರ್ತಿರಲಿಲ್ಲ, ಆಮೇಲೆ ಬಿಳಿ ಹೊಗೆ ಶುರು ಆಗ್ತಿತ್ತು. ಅಂದ್ರೆ ಎರಡೂ ತೊಂದರೆ ಒಟ್ಟಿಗೇ ಇದ್ದವು. ಅದು ಅರ್ಥ ಆಗೋಕೆ ನನಗೆ ವಾರ ಹಿಡಿಯಿತು.

ಹೊಗೆಯೇ ಇಲ್ಲದಿದ್ದರೆ ಮೊದಲು ಸ್ಟಾಪ್ ವೈರ್ ನೋಡಿ. ಹಳೆ ಗಾಡಿಗಳಲ್ಲಿ ಎಂಜಿನ್ ಆಫ್ ಮಾಡೋಕೆ ಎಳೆಯುವ ಗುಬುಟು ಇರುತ್ತಲ್ವಾ, ಅದೇ. ಡ್ಯಾಶ್‌ಬೋರ್ಡ್ ಹೊಸದು ಹಾಕಿಸಿದವರ ಗಾಡಿಯಲ್ಲಿ ಆ ವೈರ್ ಎಲ್ಲೋ ಒಂದು ಕಡೆ ಮುರಿದು ತಿರುಗಿರುತ್ತೆ. ಗುಬುಟು ಒಳಗೆ ಹೋದ ಹಾಗೆ ಕಂಡರೂ ಪಂಪ್ ಮೇಲಿನ ಲಿವರ್ ಪೂರ್ತಿ ವಾಪಸ್ ಬಂದಿರಲ್ಲ. ಬಾನೆಟ್ ಎತ್ತಿ ಲಿವರನ್ನು ಕೈಯಲ್ಲಿ ತಳ್ಳಿ ನೋಡಿದರೆ ಗೊತ್ತಾಗುತ್ತೆ. ರೋಟರಿ ಪಂಪ್ ಆದರೆ ಸಾಮಾನ್ಯವಾಗಿ ವೈರ್ ಬದಲು ಕರೆಂಟಿನಿಂದ ಡೀಸೆಲ್ ಬಿಡುವ ಸೊಲೆನಾಯ್ಡ್ ಇರುತ್ತೆ. ಕೀ ಆನ್ ಮಾಡಿದಾಗ ಪಂಪ್ ಹತ್ತಿರ ಟಕ್ ಅಂತ ಸದ್ದು ಬರಬೇಕು.

ಸೆಲ್ಫ್ ಜೋರಾಗಿ ತಿರುಗ್ತಾ ಇದೆಯಾ?

ಡೀಸೆಲ್‌ಗೆ ಸ್ಪಾರ್ಕ್ ಇಲ್ಲ. ಗಾಳಿಯನ್ನು ಅಮುಕಿದಾಗ ಹುಟ್ಟುವ ಬಿಸಿಯೇ ಬೆಂಕಿಕಡ್ಡಿ. ಎಂಜಿನ್ ನಿಧಾನ ತಿರುಗಿದರೆ ಆ ಬಿಸಿ ಸಿಲಿಂಡರ್ ಗೋಡೆಗೆ ಇಳಿದುಹೋಗುತ್ತೆ, ಗಾಳಿ ರಿಂಗ್ ಸಂದಿಯಲ್ಲಿ ಜಾರಿಕೊಳ್ಳುತ್ತೆ. "ತಿರುಗ್ತಾ ಇದೆಯಲ್ಲ ಸಾರ್" ಅನ್ನೋದು ಸಾಕಾಗಲ್ಲ. ಚುರುಕಾಗಿ ತಿರುಗಬೇಕು.

ಒಂದು ಮಲ್ಟಿಮೀಟರ್ ತಗೊಳ್ಳಿ. ರಾತ್ರಿ ನಿಂತಿದ್ದ ಗಾಡಿಯ ಬ್ಯಾಟರಿ 12.6 ವೋಲ್ಟ್ ಹತ್ತಿರ ಇರಬೇಕು. 12.2 ಇದ್ದರೆ ಅರ್ಧ ಖಾಲಿ ಅಂತಲೇ ಲೆಕ್ಕ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ನನ್ನದು ಬೀಳ್ತಿರಲಿಲ್ಲ. ಬ್ಯಾಟರಿ ಚೆನ್ನಾಗೇ ಇತ್ತು, ಆದರೂ ಸೆಲ್ಫ್ ಸೋಮಾರಿ ಹಾಗೆ ತಿರುಗ್ತಿತ್ತು.

ಇಲ್ಲಿ ಬಹಳ ಜನ ಬಿಟ್ಟುಬಿಡುವ ಒಂದು ಪರೀಕ್ಷೆ ಇದೆ. ಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ ಬ್ಲಾಕ್‌ನ ಬರಿ ಕಬ್ಬಿಣಕ್ಕೆ ಹಿಡಿದು ಸೆಲ್ಫ್ ಹೊಡೆಸಿ. 0.5 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಸರಿ ಇಲ್ಲ. ನನ್ನದು 1.8 ತೋರಿಸಿತು. ಅರ್ಥ್ ಪಟ್ಟಿ ಬಿಚ್ಚಿ ನೋಡಿದರೆ ಬೋಲ್ಟ್ ಕೂತ ಜಾಗದಲ್ಲಿ ಚಾಸಿ ಮೇಲೆ ಫಳಫಳ ಹೊಳೆಯುವ ಕರಿ ಪೇಂಟ್. ಕರೆಂಟ್ ಬರೀ ಬೋಲ್ಟ್‌ನ ಥ್ರೆಡ್ ಒಳಗಿಂದ ನುಸುಳ್ತಾ ಇತ್ತು. ಲೈಟಿಗೆ ಅಷ್ಟು ಸಾಕು. ಸೆಲ್ಫ್ ಎಳೆಯೋದು ನೂರಾರು ಆಂಪ್, ಅದಕ್ಕೆಲ್ಲಿ ಸಾಕಾಗುತ್ತೆ?

ಬ್ಯಾಟರಿ ಕಳಚಿಟ್ಟು, ಆ ಜಾಗವನ್ನು ಎಮರಿ ಪೇಪರಲ್ಲಿ ಬೆಳ್ಳಿ ಬಣ್ಣ ಕಾಣುವವರೆಗೆ ಉಜ್ಜಿ, ಪಟ್ಟಿ ಬಿಗಿ ಮಾಡಿ, ಮೇಲಿಂದ ಗ್ರೀಸ್ ಸವರಿದೆ. ಎಂಜಿನ್‌ನಿಂದ ಚಾಸಿಗೆ ಹೋಗುವ ಇನ್ನೊಂದು ಪಟ್ಟಿಗೂ ಅದೇ ಸೇವೆ. ಮೀಟರ್ 0.2ಕ್ಕೆ ಇಳಿಯಿತು. ಸೆಲ್ಫ್ ಸದ್ದೇ ಬೇರೆ ಆಯ್ತು. ಗಾಡಿ ಮಾತ್ರ ಬೆಳಿಗ್ಗೆ ಇನ್ನೂ 10 ಸೆಕೆಂಡ್ ತಗೊಳ್ತಿತ್ತು.

ಹೀಟರ್ ಪ್ಲಗ್

ಇದು ಬೇಗ ಮುಗಿಯುವ ಕೆಲಸ. ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ. ಟೆಸ್ಟ್ ಲ್ಯಾಂಪ್‌ನ ಒಂದು ತುದಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ತುದಿ ಒಂದೊಂದೇ ಪ್ಲಗ್‌ನ ತಲೆಗೆ ಮುಟ್ಟಿಸಿ. ಲೈಟ್ ಹತ್ತಿದರೆ ಪ್ಲಗ್‌ಗೆ ಜೀವ ಇದೆ, ಹತ್ತದಿದ್ದರೆ ಅದು ಸತ್ತಿದೆ. ನಾಲ್ಕರಲ್ಲಿ ಒಂದು ಸತ್ತರೆ ಬೆಂಗಳೂರಿನ ಮಧ್ಯಾಹ್ನ ಗೊತ್ತಾಗಲ್ಲ, ಡಿಸೆಂಬರ್ ಬೆಳಿಗ್ಗೆ ಮಲೆನಾಡಲ್ಲಿ ಗೊತ್ತಾಗುತ್ತೆ. ತುಂಬಾ ಹಳೆ ಗಾಡಿಗಳಲ್ಲಿ ಸುರುಳಿ ತಂತಿಯ ಪ್ಲಗ್‌ಗಳು ಒಂದರ ಹಿಂದೆ ಒಂದು ಸೀರಿಯಲ್ ಸೆಟ್ ಹಾಗೆ ಜೋಡಿಸಿರುತ್ತವೆ. ಅಲ್ಲಿ ಒಂದು ಹೋದರೆ ನಾಲ್ಕೂ ಹೋದ ಹಾಗೆ.

ಪ್ಲಗ್ ಸರಿ ಇದ್ದೂ ಕರೆಂಟ್ ಬರದಿದ್ದರೆ ರಿಲೇ ನೋಡಿ. ನನ್ನಲ್ಲಿ ಮೂರನೇ ಸಿಲಿಂಡರ್‌ನ ಪ್ಲಗ್ ಸತ್ತಿತ್ತು. ನಾಲ್ಕನ್ನೂ ಬದಲಾಯಿಸಿದೆ. ಬಿಳಿ ಹೊಗೆ ಅರ್ಧ ಕಡಿಮೆ ಆಯ್ತು. ಆದರೆ ಮೊದಲ ಕೆಲವು ಸೆಕೆಂಡ್ ಹೊಗೆಯೇ ಬರದಿದ್ದದ್ದು ಹಾಗೇ ಉಳಿಯಿತು.

ಒಂದು ಎಚ್ಚರಿಕೆ. ಗಾಡಿ ಹಿಡಿಯದಿದ್ದಾಗ ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವ ಇಲ್ಲವೇ ಸ್ಪ್ರೇ ಹೊಡೆಯುವ ಚಟ ನಮ್ಮಲ್ಲಿ ಜಾಸ್ತಿ. ಹೀಟರ್ ಪ್ಲಗ್ ಕೆಂಪಗೆ ಕಾದಿರುವ ಎಂಜಿನ್‌ಗೆ ಅದನ್ನು ಮಾಡಬೇಡಿ. ಪಿಸ್ಟನ್ ಮೇಲೆ ಬರುವ ಮೊದಲೇ ಅದು ಹೊತ್ತಿಕೊಳ್ಳುತ್ತೆ. ರಿಂಗ್ ಮುರಿಯಬಹುದು, ಪಿಸ್ಟನ್ ಬಿರುಕು ಬಿಡಬಹುದು.

ಏರ್ ಎಳೀತಾ ಇದೆಯಾ?

ಇಲ್ಲಿಂದ ನಿಜವಾದ ಕತೆ. ಎಂಜಿನ್ ಓಡುವಾಗ ಟ್ಯಾಂಕಿನಿಂದ, ಅದನ್ನು ಎಳೆದುಕೊಡುವ ಫೀಡ್ ಪಂಪ್‌ವರೆಗಿನ ಪೈಪಿನಲ್ಲಿ ಡೀಸೆಲ್ ಮೇಲಕ್ಕೆ ಎಳೆಸಿಕೊಂಡು ಬರ್ತಾ ಇರುತ್ತೆ, ಸ್ಟ್ರಾನಲ್ಲಿ ಎಳನೀರು ಬಂದ ಹಾಗೆ. ಗಾಡಿ ನಿಂತ ಮೇಲೆ ಆ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿಯೋಕೆ ನೋಡುತ್ತೆ. ಮೇಲಿನಿಂದ ಗಾಳಿ ಬರದಿದ್ದರೆ ಇಳಿಯಲ್ಲ. ಸ್ಟ್ರಾ ಬಾಯಿಗೆ ಬೆರಳು ಒತ್ತಿದರೆ ಒಳಗಿನ ಎಳನೀರು ನಿಲ್ಲುತ್ತಲ್ವಾ, ಹಾಗೆ. ಮೇಲೆ ಎಲ್ಲೋ ಕೂದಲೆಳೆಯಷ್ಟು ಸಂದಿ ಇದ್ದರೂ ಗಾಳಿ ಒಳಗೆ ಬಂದು ರಾತ್ರಿಯಿಡೀ ಡೀಸೆಲ್ ನಿಧಾನಕ್ಕೆ ಕೆಳಗಿಳಿಯುತ್ತೆ. ಬೆಳಿಗ್ಗೆ ಪಂಪ್‌ಗೆ ಸಿಗೋದು ಬರೀ ಗಾಳಿ.

ಗಾಳಿ ಎಳೆಯುವ ಸಂದಿಯಲ್ಲಿ ಡೀಸೆಲ್ ಸೋರೋದು ಕಾಣಲೇಬೇಕು ಅಂತಿಲ್ಲ. "ಎಲ್ಲೂ ಲೀಕ್ ಇಲ್ಲ ಸಾರ್, ಕೈಯಿಟ್ಟು ನೋಡಿದೆ" ಅಂತ ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ಒಣಗಿದ ಜಾಗದಲ್ಲೇ ಕಳ್ಳ ಇದ್ದ.

ನನಗೆ ಸುಳಿವು ಕೊಟ್ಟಿದ್ದು ನಮ್ಮ ಅಂಗಳ. ತೋಟದ ಮನೆ, ಇಳಿಜಾರು ಜಾಗ. ಮೂತಿ ಮೇಲೆ ಮಾಡಿ ನಿಲ್ಲಿಸಿದ ದಿನ ಗಾಡಿ ಬೆಳಿಗ್ಗೆ ಸತಾಯಿಸ್ತಿತ್ತು. ಒಂದು ದಿನ ಗೊಬ್ಬರ ಇಳಿಸಿ, ತಿರುಗಿಸೋಕೆ ಬೇಜಾರಾಗಿ, ಮೂತಿ ಕೆಳಗೆ ಮಾಡಿಯೇ ಬಿಟ್ಟೆ. ಮರುದಿನ ಒಂದೇ ತಿರುವಿಗೆ ಹಿಡಿಯಿತು. ಮೂತಿ ಕೆಳಗಿದ್ದರೆ ಟ್ಯಾಂಕ್ ಎಂಜಿನ್‌ಗಿಂತ ಎತ್ತರ ಆಗುತ್ತೆ, ಡೀಸೆಲ್ ವಾಪಸ್ ಹೋಗೋಕೆ ದಾರಿಯೇ ಇಲ್ಲ. ನಿಮ್ಮ ಗಾಡಿಯೂ ಹೀಗೆ ಆಡಿದರೆ ಪಂಪ್, ಡೀಸೆಲ್ ಚಿಮುಕಿಸುವ ನಾಜಲ್, ಕಂಪ್ರೆಶನ್ ಮೇಲೆ ಅನುಮಾನ ಪಡಬೇಡಿ. ಅವಕ್ಕೆ ಇಳಿಜಾರು ಗೊತ್ತಾಗಲ್ಲ.

ಇದನ್ನು ಖಚಿತ ಮಾಡಿಕೊಳ್ಳೋಕೆ ಕ್ಯಾನ್ ಪರೀಕ್ಷೆ. ಇದನ್ನು ಎಲ್ಲರೂ ಮಾಡ್ತಾರೆ, ಆದರೆ ಅರ್ಧ ಮಾತ್ರ ಮಾಡ್ತಾರೆ.

5 ಲೀಟರ್ ಕ್ಯಾನ್‌ನಲ್ಲಿ ಶುದ್ಧ ಡೀಸೆಲ್ ಹಾಕಿ. ಅದರಿಂದ ಒಂದು ಪಾರದರ್ಶಕ ಪೈಪನ್ನು ಫೀಡ್ ಪಂಪ್‌ನ ಒಳಬಾಯಿಗೆ ಕೊಡಿ. ವಾಪಸ್ ಬರುವ ರಿಟರ್ನ್ ಪೈಪ್ ಟ್ಯಾಂಕಿಗೇ ಹೋಗಲಿ. ಮೊದಲ ರಾತ್ರಿ ಕ್ಯಾನನ್ನು ಎಂಜಿನ್‌ಗಿಂತ ಎತ್ತರದಲ್ಲಿ, ಬಾನೆಟ್ ಮೇಲೆಯೋ ಕೊಕ್ಕೆಗೋ ತೂಗುಹಾಕಿ. ಏರ್ ಚೆನ್ನಾಗಿ ತೆಗೆದು (ಹೇಗೆ ಅಂತ ಕೊನೆಗೆ ಹೇಳ್ತೀನಿ) ಒಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸಿ. ಬೆಳಿಗ್ಗೆ ತಕ್ಷಣ ಹಿಡಿದರೆ ರೋಗ ಏರ್ ಅಂತ ಗ್ಯಾರಂಟಿ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, "ಓಹೋ, ಟ್ಯಾಂಕ್ ಪೈಪ್ ತೂತಾಗಿದೆ" ಅಂತ ಹೊಸ ಪೈಪ್ ಎಳೆಸ್ತಾರೆ. ಅದು ತಪ್ಪು. ಕ್ಯಾನ್ ಮೇಲಿದ್ದರೆ ಡೀಸೆಲ್ ತನ್ನ ಭಾರಕ್ಕೆ ತಾನೇ ಇಳಿದು ಇಡೀ ಲೈನನ್ನು ತುಂಬಿಟ್ಟಿರುತ್ತೆ. ಫಿಲ್ಟರ್ ಹತ್ತಿರ ಸಂದಿ ಇದ್ದರೂ ಅದು ಗಾಳಿ ಎಳೆಯಲ್ಲ. ಆ ರಾತ್ರಿ ಎಲ್ಲ ಸಂದಿಗಳೂ ಸಾಧು ಆಗಿಬಿಡುತ್ತವೆ.

ಅದಕ್ಕೇ ಎರಡನೇ ರಾತ್ರಿ ಅದೇ ಕ್ಯಾನನ್ನು ನೆಲದ ಮೇಲೆ ಇಡಿ. ಈಗ ಟ್ಯಾಂಕೂ ಇಲ್ಲ, ಚಾಸಿ ಪಕ್ಕದ ಉದ್ದ ಪೈಪೂ ಇಲ್ಲ. ಬೆಳಿಗ್ಗೆ ಹಿಡಿದರೆ ತೊಂದರೆ ಟ್ಯಾಂಕ್ ಕಡೆ. ಹಿಡಿಯದಿದ್ದರೆ ಎಂಜಿನ್ ಕಡೆ, ಅಂದ್ರೆ ಒಂದು ಮೊಳದೊಳಗೆ.

ನನ್ನದು ಎರಡನೇ ಬೆಳಿಗ್ಗೆ ಹಿಡಿಯಲಿಲ್ಲ. ಪಾರದರ್ಶಕ ಪೈಪ್ ನೋಡಿದರೆ ಡೀಸೆಲ್ ನೆಲಕ್ಕೆ ಇಳಿದು ಕೂತಿತ್ತು. ಮೇಲೆಲ್ಲ ಖಾಲಿ. ಮೇಸ್ತ್ರಿ ಸುಮ್ಮನೆ ನೋಡಿದ. "ಪಂಪ್ ಅಲ್ಲ ಬಿಡಿ ಸಾರ್" ಅಂದ.

ಒಂದು ಮೊಳದೊಳಗಿನ ಕಳ್ಳ

ಈ ಜಾಗದಲ್ಲಿ ಅನುಮಾನ ಪಡಬೇಕಾದ್ದು ಕೆಲವೇ. ಲೈನಿಗೆ ಡೀಸೆಲ್ ತುಂಬಿಸೋಕೆ ಕೈಯಿಂದ ಒತ್ತುವ ಪ್ರೈಮರ್‌ನ ಒಳಗಿನ ಸೀಲ್. ಫಿಲ್ಟರ್ ಬಟ್ಟಲಿನ ರಬ್ಬರ್ ರಿಂಗ್, ಅದರಲ್ಲೂ ಹೊಸ ಫಿಲ್ಟರ್ ಹಾಕುವಾಗ ಹಳೆ ರಿಂಗ್ ಮೇಲೆಯೇ ಹೊಸದನ್ನು ಕೂರಿಸಿದ್ದರೆ. ನಾಜಲ್‌ಗಳ ಮೇಲಿನ ಬಟ್ಟೆ ಹೊದಿಸಿದ ಸಣ್ಣ ರಿಟರ್ನ್ ಪೈಪ್. ಇದು ವಯಸ್ಸಾದರೆ ಗಟ್ಟಿಯಾಗಿ ಬಾಯಲ್ಲಿ ಸೀಳುತ್ತೆ, ಮೀಟರ್ ಲೆಕ್ಕದಲ್ಲಿ ಸಿಗುತ್ತೆ, ಬದಲಾಯಿಸಿಬಿಡಿ, ಯೋಚನೆ ಬೇಡ. ಸಣ್ಣ ರಬ್ಬರ್ ಪೈಪಿಗೆ ಸ್ಕ್ರೂ ತಿರುಗಿಸುವ ಪಟ್ಟಿ ಕ್ಲಿಪ್ ಹಾಕಿದ್ದರೆ ಅದನ್ನೂ ನೋಡಿ. 8 ಮಿ.ಮೀ. ಪೈಪಿನ ಮೇಲೆ ಆ ಕ್ಲಿಪ್ ದುಂಡಗೆ ಬಿಗಿಯಾಗಲ್ಲ, ಸ್ಕ್ರೂ ಇರುವ ಕಡೆ ಉಬ್ಬಿಕೊಳ್ಳುತ್ತೆ. ನಟ್ ಬೋಲ್ಟ್ ಇರುವ ಸಣ್ಣ ಕ್ಲಿಪ್ಪೇ ಸರಿ. ಕೊನೆಗೆ ಬ್ಯಾಂಜೋ ಬೋಲ್ಟ್‌ಗಳ, ಅಂದ್ರೆ ಪೈಪನ್ನು ಜೋಡಿಸುವ, ಡೀಸೆಲ್ ಹಾಯೋಕೆ ಒಳಗೆ ತೂತಿರುವ ಬೋಲ್ಟ್‌ಗಳ, ಎರಡು ಬದಿಯ ತಾಮ್ರದ ವಾಷರ್.

ಒಂದೊಂದನ್ನೇ ಬದಲಾಯಿಸ್ತಾ ಹೋಗಬಹುದು. ನಾನು ಹಾಗೆ ಮಾಡಲಿಲ್ಲ. ಮೂತಿ ಕೆಳಗೆ ಮಾಡಿ ನಿಲ್ಲಿಸಿದಾಗ ಡೀಸೆಲ್ ಲೈನನ್ನು ಒತ್ತುತ್ತಲ್ವಾ? ಹಾಗಾದರೆ ಆಗ ಗಾಳಿ ಬರುವ ಸಂದಿಯಲ್ಲೇ ಡೀಸೆಲ್ ಹೊರಗೆ ಬರಲೇಬೇಕು. ಟ್ಯಾಂಕ್ ಲೈನ್ ಮತ್ತೆ ಜೋಡಿಸಿ, ಟ್ಯಾಂಕ್ ಫುಲ್ ಮಾಡಿಸಿ, ಇಳಿಜಾರಿನಲ್ಲಿ ಮೂತಿ ಕೆಳಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆ. ಎಲ್ಲ ಜಾಯಿಂಟನ್ನೂ ಬಟ್ಟೆಯಲ್ಲಿ ಒಣಗಿಸಿ ಸೀಮೆಸುಣ್ಣದ ಪುಡಿ ಸವರಿದೆ. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಎಲ್ಲ ಕಡೆ ಬೆಳ್ಳಗೆ, ಫಿಲ್ಟರ್ ತಲೆಯ ಒಳಬಾಯಿಯ ಬ್ಯಾಂಜೋ ಕೆಳಗೆ ಮಾತ್ರ ಉಗುರಿನಷ್ಟು ಜಾಗ ಕಂದು ಬಣ್ಣಕ್ಕೆ ತಿರುಗಿತ್ತು.

ಬಿಚ್ಚಿದೆ. ತಾಮ್ರದ ವಾಷರ್ ಹೊಸದೇ, ನಾನೇ ಹಾಕಿದ್ದು. ಅದರ ಅಡಿ ನೋಡಿದರೆ ಫಿಲ್ಟರ್ ತಲೆ ಮೇಲೆ ಬೂದು ಬಣ್ಣದ ಪೇಂಟ್. ಬ್ರಾಕೆಟ್ ಜೊತೆ ಅದನ್ನೂ ಚೆಂದ ಮಾಡಿಸೋಣ ಅಂತ ಕೊಟ್ಟಿದ್ದೆ. ಬೋಲ್ಟ್‌ನ ತೂತಿಗೆ ಕಾಗದ ತುರುಕಿದ್ದರು, ವಾಷರ್ ಕೂರುವ ಮುಖಕ್ಕೆ ಅಡ್ಡ ಏನೂ ಹಾಕಿರಲಿಲ್ಲ. ಬಿಗಿ ಮಾಡಿದಾಗ ಪೇಂಟ್ ಗಾಜಿನ ಹಾಗೆ ಒಡೆದು, ವಾಷರ್ ಕೆಳಗೆ ಒಂದು ಸಣ್ಣ ಬಿರುಕು ಅಂಚಿನಿಂದ ಅಂಚಿಗೆ ಹೋಗಿತ್ತು. ಅರ್ಥ್ ಪಟ್ಟಿ ಕೆಳಗೆ ಕರಿ ಪೇಂಟ್, ವಾಷರ್ ಕೆಳಗೆ ಬೂದು ಪೇಂಟ್!

ಪೇಂಟ್ ಕೆರೆಯುವಾಗ ಗೀರು ಬೀಳಬಾರದು. ಪೇಂಟ್ ರಿಮೂವರ್ ಹತ್ತಿಯಲ್ಲಿ ಅದ್ದಿ ಇಟ್ಟು, ಮೆತ್ತಗಾದ ಮೇಲೆ ಮರದ ಕಡ್ಡಿಯಲ್ಲಿ ತೆಗೆದೆ. ಒಳಗಿನ ತೂತಿಗೆ ಚೂರು ಬೀಳದ ಹಾಗೆ ನೋಡಿಕೊಳ್ಳಿ, ಬಿದ್ದರೆ ನೇರ ಪಂಪ್‌ಗೆ ಹೋಗುತ್ತೆ. ಎರಡೂ ಕಡೆಗೆ ಹೊಸ ತಾಮ್ರದ ವಾಷರ್. ಊರಲ್ಲಿ ಸಿಗದಿದ್ದರೆ ಹಳೆಯದನ್ನೇ ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮತ್ತೆ ಮೆತ್ತಗಾಗುತ್ತೆ. ಗಟ್ಟಿ ಉಕ್ಕಿಗೆ ಹೀಗೆ ಮಾಡಿದರೆ ಇನ್ನೂ ಗಟ್ಟಿಯಾಗುತ್ತೆ, ತಾಮ್ರದ ಸ್ವಭಾವವೇ ಉಲ್ಟಾ. ವಾಷರ್ ಮೇಲೆ ಟೆಫ್ಲಾನ್ ಟೇಪ್, ಅಂಟು ಏನೂ ಬೇಡ. ಅದರ ಎಳೆ ಬಿಟ್ಟುಕೊಂಡು ಪಂಪ್‌ನಲ್ಲಿ ಸಿಕ್ಕಿಕೊಂಡರೆ ಆಗ ನಿಜವಾಗಿಯೂ ಪಂಪ್ ಬಿಚ್ಚಬೇಕಾಗುತ್ತೆ.

ಲೈನಿಗೆ ಒಂದು ಕಡೆಗೆ ಮಾತ್ರ ಬಿಡುವ ವಾಲ್ವ್ ಹಾಕಿಬಿಡಿ ಅಂತ ಹೇಳುವವರಿದ್ದಾರೆ. ಕೆಲಸ ಮಾಡುತ್ತೆ. ಆದರೆ ಸಂದಿ ಹಾಗೇ ಇರುತ್ತೆ, ಘಾಟಿ ಹತ್ತುವಾಗ ಗಾಳಿ ಎಳೆದು ಪಿಕಪ್ ಬಿದ್ದುಹೋಗುತ್ತೆ. ಪಿಕಪ್ ಇಲ್ಲದ ಪಿಕಪ್ ಯಾರಿಗೆ ಬೇಕು?

ಏರ್ ತೆಗೆಯೋದು

ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ ಪ್ರೈಮರ್ ಒತ್ತಿ. ಮೊದಲು ನೊರೆ ಬರುತ್ತೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಗುಳ್ಳೆ ಪೂರ್ತಿ ನಿಂತ ಮೇಲೆ, ಒತ್ತುತ್ತಿರುವಾಗಲೇ ಬಿಗಿ ಮಾಡಿ. ಆಮೇಲೆ ಪಂಪ್ ಮೇಲಿನ ಸ್ಕ್ರೂಗೂ ಹಾಗೇ. ಅಷ್ಟಾಗಿಯೂ ಹಿಡಿಯದಿದ್ದರೆ ಮಾತ್ರ ನಾಜಲ್ ಕಡೆಯ ನಟ್‌ಗಳನ್ನು, ಸಾಮಾನ್ಯವಾಗಿ 17 ನಂಬರ್ ಸ್ಪ್ಯಾನರ್, ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮಿದ ಕೂಡಲೇ ಬಿಗಿ ಮಾಡಿ. ಆ ಕಡೆ ಬೆರಳು ಇಡಲೇಬೇಡಿ. ನಾಜಲ್ ತೆರೆಯುವ ಒತ್ತಡ 100 ಬಾರ್‌ಗಿಂತ ಮೇಲಿರುತ್ತೆ. ಆ ಒತ್ತಡದ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತೆ. ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಕೈ ಹೋದವರಿದ್ದಾರೆ.

ಆಮೇಲೆ ಪರೀಕ್ಷೆಯನ್ನು ಕಷ್ಟದ ಸ್ಥಿತಿಯಲ್ಲೇ ಮಾಡಿ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದಿರಲಿ, ಮೂತಿ ಮೇಲಿರಲಿ, ರಾತ್ರಿ ಪೂರ್ತಿ ನಿಲ್ಲಲಿ. ಫುಲ್ ಟ್ಯಾಂಕ್‌ನಲ್ಲಿ ಹಿಡಿದರೆ ಅದು ಲೆಕ್ಕಕ್ಕಿಲ್ಲ.

ಇಷ್ಟೆಲ್ಲ ಸರಿ ಇದ್ದೂ ಬೆಳಿಗ್ಗೆ ಬಿಳಿ ಹೊಗೆ, ತಡವಾಗಿ ಹಿಡಿಯೋದು ಉಳಿದರೆ ಆಗ ಟ್ಯಾಪೆಟ್, ನಾಜಲ್, ಕಂಪ್ರೆಶನ್, ಕೊನೆಗೆ ಪಂಪ್ ಟೈಮಿಂಗ್. ಕಂಪ್ರೆಶನ್ ನೋಡಿಸುವಾಗ ಡೀಸೆಲ್ ಗೇಜ್ ಇರುವ ಕಡೆಗೇ ಹೋಗಿ, ಪೆಟ್ರೋಲ್ ಗಾಡಿಯ ಗೇಜ್ ಈ ಒತ್ತಡ ತಡೆಯಲ್ಲ. ನಾಲ್ಕು ಸಿಲಿಂಡರ್‌ನಲ್ಲಿ ಒಂದು ಮಾತ್ರ ತೀರಾ ಕಡಿಮೆ ಬಂದರೆ ಆ ಸಿಲಿಂಡರ್‌ನ ವಾಲ್ವ್ ನೋಡಿ, ನಾಲ್ಕೂ ಕಡಿಮೆ ಬಂದರೆ ಬೋರ್ ಸವೆದಿದೆ.

ನಮ್ಮ ಗಾಡಿ ಅಂತೂ ಈಗ ಹೀಟರ್ ಲೈಟ್ ಆರಿದ ಮೇಲೆ ಎರಡನೇ ಸುತ್ತಿಗೆ ಹಿಡಿಯುತ್ತೆ, ಮೂತಿ ಎತ್ತ ಕಡೆ ಇದ್ದರೂ. ಫಿಲ್ಟರ್ ತಲೆಯ ಪೇಂಟ್ ಒಂದು ಕಡೆ ಕೆರೆದುಹೋಗಿ ಬೆಳ್ಳಗೆ ಕಾಣುತ್ತೆ. ಬಾನೆಟ್ ಎತ್ತಿ ನೋಡಿದವರೆಲ್ಲ "ಇಲ್ಲಿ ಸ್ವಲ್ಪ ಟಚ್‌ಅಪ್ ಮಾಡಿಸಿ" ಅಂತಾರೆ.